ಕಣ್ಣು ಬಂದಾವ್ರೀ, ಮುಂದೇನು? ವೈರಸ್ ಬೇನೆಯ ಬೆನ್ನಿಗೆ ಬರುವ ಕೀವಿನ ಬೇನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ನೇತ್ರಾಧಿಕಾರಿ. ಡಾಕ್ಟರ್ ಅಲ್ಲ. ಚೀಟಿ ಹಿಡಿದು ಬಂದವರ ಕಣ್ಣನ್ನು ಮೊದಲು ನೋಡುವವನು, ಗೋಡೆಯ ಮೇಲಿನ ಅಕ್ಷರ ಓದಿಸುವವನು, ಹನಿ ಹಾಕೋದು ಹೆಂಗ ಅಂತ ತೋರಿಸಿಕೊಡುವವನು. 2023ರ ಜುಲೈ, ಆಗಸ್ಟಿನಲ್ಲಿ ರಾಜ್ಯದ ತುಂಬ ಕಣ್ಣು ಬೇನೆ ಹಬ್ಬಿದಾಗ ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತವರೆಲ್ಲ ಕೆಂಗಣ್ಣಿನವರೇ. ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಅವವೇ ಪ್ರಶ್ನೆ. ಆಗ ಕೇಳಿದ್ದು, ಈಗಲೂ ಪ್ರತಿ ಮಳೆಗಾಲ ಕೇಳುವುದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

“ಕಣ್ಣು ಬಂದಾವು” ಅಂದ್ರ ಏನು ಬಂದಂಗರೀ?

ಕಣ್ಣಿನ ಬಿಳಿಗುಡ್ಡೆಯ ಮೇಲೆ, ರೆಪ್ಪೆಯ ಒಳಮೈಯಲ್ಲಿ ಒಂದು ತೆಳು ಪೊರೆ ಹಾಸಿಕೊಂಡಿರುತ್ತದೆ. ಅದಕ್ಕೆ ಕಂಜಂಕ್ಟೈವಾ ಎನ್ನುತ್ತಾರೆ. ಆ ಪೊರೆ ಊದಿಕೊಂಡು, ಅದರ ರಕ್ತನಾಳಗಳು ತುಂಬಿಕೊಂಡರೆ ಕಣ್ಣು ಕೆಂಪಗಾಗುತ್ತದೆ. ನಾವು ಕಣ್ಣು ಬಂದಾವು ಅಂತೇವಿ, ಪೇಪರಿನವರು ಕಣ್ಣು ಬೇನೆ, ಮದ್ರಾಸ್ ಐ ಅಂತ ಬರೆಯುತ್ತಾರೆ.

ಊರಿಗೆ ಊರೇ ಹಬ್ಬುವ ಬೇನೆಗೆ ಬಹುಪಾಲು ಕಾರಣ ವೈರಸ್. ಅದರಲ್ಲೂ ಅಡಿನೋವೈರಸ್ಸಿನ ಪಾಲು ದೊಡ್ಡದು. ಎಂಟೆರೋವೈರಸ್ 70, ಕಾಕ್ಸಾಕಿ ಎ24 ಎಂಬ ಇನ್ನೆರಡು ವೈರಸ್‌ಗಳು ಬಂದರೆ ಬಿಳಿಗುಡ್ಡೆಯ ಮೇಲೆ ರಕ್ತದ ಕಲೆ ಮೂಡುತ್ತದೆ. ಈ ರಕ್ತಗಣ್ಣು ಮೊದಲು ಹಬ್ಬಿದ್ದು 1969ರಲ್ಲಿ, ಆಫ್ರಿಕಾದ ಘಾನಾದಲ್ಲಿ. ಅದೇ ವರ್ಷ ಅಪೊಲೊ 11 ಚಂದ್ರನ ಮೇಲೆ ಇಳಿದಿತ್ತು. ಹಾಗಾಗಿ ಜನ ಅದನ್ನು ಅಪೊಲೊ ಬೇನೆ ಎಂದೇ ಕರೆದರು. ಚಂದ್ರನಿಗೂ ಕಣ್ಣಿಗೂ ಏನೂ ಸಂಬಂಧವಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಂದು ವೈರಸ್ಸೋ, ಬ್ಯಾಕ್ಟೀರಿಯಾನೋ? ನೋಡಿದ ಕೂಡಲೆ ಗೊತ್ತಾಗೋದಿಲ್ಲೇನು?

ಖಾತ್ರಿಯಾಗಿ ಗೊತ್ತಾಗುವುದಿಲ್ಲ. ಅನುಭವಿ ಡಾಕ್ಟರರಿಗೂ ಬರೀ ನೋಟದಿಂದ ಹೇಳುವುದು ಕಷ್ಟ. ಆದರೂ ಒಂದು ಅಂದಾಜು ಸಿಗುತ್ತದೆ.

ವೈರಸ್ ಆದರೆ ನೀರು ಸುರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಮೊದಲು ಒಂದು ಕಣ್ಣು, ಎರಡು ಮೂರು ದಿನಕ್ಕೆ ಇನ್ನೊಂದು. ಕಿವಿಯ ಮುಂದೆ, ದವಡೆ ಶುರುವಾಗುವಲ್ಲಿ ಬೆರಳಿಟ್ಟು ಒತ್ತಿದರೆ ಕಡಲೆಕಾಳಿನಷ್ಟು ಗಂಟು ಸಿಗಬಹುದು, ಮುಟ್ಟಿದರೆ ನೋವು. ಮುಂಚೆ ನೆಗಡಿಯೋ ಗಂಟಲು ನೋವೋ ಆಗಿರುತ್ತದೆ, ಇಲ್ಲವೇ ಮನೆಯಲ್ಲಿ ಯಾರಿಗೋ ಕಣ್ಣು ಬಂದಿರುತ್ತವೆ.

ಬ್ಯಾಕ್ಟೀರಿಯಾ ಆದರೆ ನೀರಿನ ಜಾಗದಲ್ಲಿ ಹಳದಿ ಇಲ್ಲವೇ ಹಸಿರು ಬಣ್ಣದ ದಪ್ಪ ಗೀಜು. ಒರೆಸಿದರೆ ಮತ್ತೆ ಕೂಡುತ್ತದೆ, ದಿನವಿಡೀ.

“ಮುಂಜಾನೆ ಎದ್ದಾಗ ರೆಪ್ಪಿ ಅಂಟಿಕೊಂಡಿದ್ದುವು, ಅಂದ್ರ ಕೀವು ಆಗೇತಿ” ಎಂದು ಬಹಳ ಜನ ತೀರ್ಮಾನಿಸಿಕೊಂಡೇ ಬರುತ್ತಾರೆ. ರಾತ್ರಿಯೆಲ್ಲ ಕಣ್ಣು ಮುಚ್ಚಿದ್ದಾಗ ವೈರಸ್ ಬೇನೆಯ ನೀರೂ ಒಣಗಿ ಅಂಟಾಗುತ್ತದೆ. ನಾನು ಕೇಳುವುದು ಬೇರೆಯೇ: ಮುಂಜಾನೆ ತೊಳೆದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಅಂಟಿತೇ? ಅಂಟಿತು ಎಂದರೆ ರೆಪ್ಪೆ ತಿರುವಿ ನೋಡುತ್ತೇನೆ.

ವೈರಸ್ ಇದ್ದಾಗ ಬ್ಯಾಕ್ಟೀರಿಯಾ ಯಾಕ ಬರ್ತಾವು? ಎಲ್ಲಿಂದ ಬರ್ತಾವು?

ಬಹಳ ಸಲ ಅವು ಹೊರಗಿಂದ ಬರುವುದೇ ಇಲ್ಲ, ಮನೆಯಲ್ಲೇ ಇರುತ್ತವೆ. ನಮ್ಮ ರೆಪ್ಪೆಯ ಅಂಚಿನ ಮೇಲೆ, ಮೂಗಿನೊಳಗೆ, ಬೆರಳ ಸಂದಿಯಲ್ಲಿ ಸ್ಟೆಫಿಲೋಕಾಕಸ್ ಜಾತಿಯವು ಸದಾ ಇದ್ದೇ ಇರುತ್ತವೆ. ಗಂಟಲು, ಮೂಗಿನ ಹಿಂಭಾಗದಲ್ಲಿ ನ್ಯೂಮೋಕಾಕಸ್, ಹಿಮೋಫಿಲಸ್ ಇರಬಹುದು. ಆರೋಗ್ಯವಾದ ಕಣ್ಣು ಇವನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಣ್ಣೀರು ಬರೀ ಉಪ್ಪು ನೀರಲ್ಲ. ಅದರಲ್ಲಿ ಲೈಸೋಜೈಮ್, ಲ್ಯಾಕ್ಟೋಫೆರಿನ್ ಎಂಬ ಕಾವಲುಗಾರರಿದ್ದಾರೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣು ಕಸಗುಡಿಸಿದ ಹಾಗೆ ಸ್ವಚ್ಛವಾಗುತ್ತದೆ. ಎಲ್ಲಕ್ಕಿಂತ ಮೇಲೆ ಕಣ್ಣಿನ ಮೇಲ್ಪದರದ ಜೀವಕೋಶಗಳು ಒತ್ತೊತ್ತಾಗಿ ಕಟ್ಟಿದ ಗೋಡೆಯ ಹಾಗೆ ನಿಂತಿರುತ್ತವೆ.

ವೈರಸ್ ಬಂದು ಮಾಡುವ ಕೆಲಸವೇ ಆ ಗೋಡೆಯ ಕಲ್ಲು ಕೀಳುವುದು. ಅದು ಜೀವಕೋಶದೊಳಗೆ ಹೊಕ್ಕು ಬೆಳೆದು, ಕೋಶವನ್ನು ಒಡೆದು ಹೊರಬರುತ್ತದೆ. ಅಡಿನೋವೈರಸ್ ಜೋರಾದರೆ ರೆಪ್ಪೆಯ ಒಳಮೈಯಲ್ಲಿ ಬಿಳಿ ಪದರವೇ ಕಟ್ಟುತ್ತದೆ, ಕಿತ್ತರೆ ರಕ್ತ ಒಸರುತ್ತದೆ. ಅಂಥ ಹಸಿ ಜಾಗ ಸಿಕ್ಕರೆ ಇಷ್ಟು ದಿನ ಅಂಚಿನ ಮೇಲೆ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ.

ಅದಕ್ಕೆ ಸಹಾಯ ಮಾಡುವವರು ನಾವು. ಕಣ್ಣು ತುರಿಸುತ್ತದೆ, ಉಜ್ಜುತ್ತೇವೆ. ಸೆರಗಿನ ತುದಿ, ಲುಂಗಿಯ ಚುಂಗು, ಹೆಗಲ ಮೇಲಿನ ಟವೆಲ್, ಯಾವುದು ಸಿಗುತ್ತದೋ ಅದು. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಬ್ಯಾರೆಲ್ ತುಂಬಿಸಿ ಇಟ್ಟುಕೊಳ್ಳುತ್ತಾರೆ. ಕಣ್ಣು ಬಂದವರು ಅದೇ ಬ್ಯಾರೆಲಿಗೆ ಕೈ ಅದ್ದಿ ಮುಖ ತೊಳೆಯುತ್ತಾರೆ, ಅದೇ ತಂಬಿಗೆ ಮನೆಮಂದಿಗೆಲ್ಲ. ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ನಿಮ್ಮ ವೈರಸ್ ಮನೆಯವರಿಗೆ, ಮನೆಯ ನೀರಿನ ಬ್ಯಾಕ್ಟೀರಿಯಾ ನಿಮ್ಮ ಕಣ್ಣಿಗೆ. ನೀರು ಕಡಿಮೆಯಿದ್ದರೆ ಒಬ್ಬರು ತಂಬಿಗೆಯಿಂದ ಸುರಿಯಲಿ, ಇನ್ನೊಬ್ಬರು ತೊಳೆದುಕೊಳ್ಳಲಿ. ಕೈ ಬ್ಯಾರೆಲಿಗೆ ಇಳಿಯಬಾರದು, ಅಷ್ಟೇ.

ಹಂಗಾದ್ರ ಎಲ್ಲಾರಿಗೂ ಕೀವು ಆಗೇ ಆಗ್ತೈತೇನು?

ಇಲ್ಲ. ಹೆಚ್ಚಿನವರಿಗೆ ಆಗುವುದೇ ಇಲ್ಲ. ವೈರಸ್ ಬೇನೆ ಮೂರರಿಂದ ಐದು ದಿನ ಏರುತ್ತದೆ, ಆಮೇಲೆ ನಿಧಾನಕ್ಕೆ ಇಳಿದು ಒಂದರಿಂದ ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ರಕ್ತಗಣ್ಣು ಇನ್ನೂ ಬೇಗ, ಐದಾರು ದಿನದ ಆಟ.

ಯಾರಿಗೆ ಭಯ ಜಾಸ್ತಿ ಎಂದರೆ: ಚಿಕ್ಕ ಮಕ್ಕಳು, ಶುಗರ್ ಇದ್ದವರು, ರೆಪ್ಪೆಯ ಅಂಚಿನಲ್ಲಿ ಸದಾ ಹೊಟ್ಟು ಕೂಡುವವರು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಕಣ್ಣಿಗೆ ಪೆಟ್ಟು ಬಿದ್ದವರು, ಈಚೆಗೆ ಮೋತಿಬಿಂದುವಿನ ಪೊರೆ ತೆಗೆಸಿಕೊಂಡವರು. ಮತ್ತೆ, ಕಂಡ ಕಂಡ ಹನಿ ಹಾಕಿಕೊಂಡವರು.

ಆಂಟಿಬಯಾಟಿಕ್ ಹನಿ ಹಾಕಿದ ಮ್ಯಾಲೇ ನನಗ ಕಡಿಮಿ ಆತು. ನೀವು ನೋಡಿದ್ರ ಅದು ವೈರಸ್ಸಿಗೆ ನಡಿಯಂಗಿಲ್ಲ ಅಂತೀರಿ.

ನಡೆಯುವುದಿಲ್ಲ. ಮಾಕ್ಸಿಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್, ಇವೆಲ್ಲ ಬ್ಯಾಕ್ಟೀರಿಯಾದ ಮೇಲೆ ಮಾತ್ರ ಕೆಲಸ ಮಾಡುವ ಮದ್ದು. ನಾಲ್ಕನೇ ದಿನ ಹನಿ ಶುರು ಮಾಡಿದಿರಿ, ಆರನೇ ದಿನ ಇಳಿಯಿತು. ಹನಿ ಹಾಕದಿದ್ದರೂ ಇಳಿಯುತ್ತಿತ್ತು. ಮಳೆ ನಿಲ್ಲುವ ಹೊತ್ತಿಗೆ ಕೊಡೆ ಬಿಚ್ಚಿದವ ನನ್ನ ಕೊಡೆಯಿಂದಲೇ ಮಳೆ ನಿಂತಿತು ಅಂದಂಗ.

ಹಾಗಿದ್ದರೆ ಡಾಕ್ಟರರು ಯಾಕೆ ಬರೆಯುತ್ತಾರೆ? ಕೆಲವು ಸಲ ಗೀಜು ನೋಡಿ ನಿಜವಾಗಿಯೂ ಅನುಮಾನ ಬಂದಿರುತ್ತದೆ. ಕೆಲವು ಸಲ ಕರಿಗುಡ್ಡೆಯ, ಅಂದರೆ ಕಣ್ಣಿನ ಕಪ್ಪು ಭಾಗದ ಮೇಲಿರುವ ಗಾಜಿನಂಥ ಕಾರ್ನಿಯಾದ ಮೇಲ್ಪದರ ಕಿತ್ತಿರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಇಳಿಯದಿರಲಿ ಎಂದು ಕಾವಲಿಗೆ ಕೊಡುತ್ತಾರೆ. ಅದು ಸರಿ. ಇನ್ನು ಕೆಲವು ಸಲ, ನಾನು ಹೇಳಿದೆ ಅನ್ನಬೇಡಿ, “ಏನೂ ಬ್ಯಾಡ, ತಣ್ಣೀರು ಬಟ್ಟಿ ಇಡ್ರಿ” ಅಂದರೆ ರೋಗಿ ಮುಖ ಸಣ್ಣದು ಮಾಡುತ್ತಾನೆ, ಹೊರಗೆ ಹೋಗಿ ಮೆಡಿಕಲ್ ಶಾಪಿನಲ್ಲಿ ಇನ್ನೂ ಕೆಟ್ಟದ್ದನ್ನು ಕೊಳ್ಳುತ್ತಾನೆ. ಅದಕ್ಕಿಂತ ಇದೇ ಇರಲಿ ಎಂದು ಬರೆದದ್ದೂ ಇರುತ್ತದೆ. ಬೇಡದ ಕಡೆ ಬಳಸಿ ಬಳಸಿ ನಮ್ಮ ರೆಪ್ಪೆಯ ಮೇಲಿನ ಬ್ಯಾಕ್ಟೀರಿಯಾ ಆ ಮದ್ದಿಗೆ ಪಳಗಿಬಿಟ್ಟರೆ, ನಾಳೆ ನಿಜವಾಗಿ ಬೇಕಾದಾಗ ಅದೇ ಹನಿ ನೀರಿನ ಸಮ.

ಬ್ಯಾಕ್ಟೀರಿಯಾ ಸೇರಿಕೊಂಡಾವು ಅಂತ ಮನ್ಯಾಗ ಹೆಂಗ ಗುರುತು ಹಿಡಿಯೋದು?

ಕೆಂಪನ್ನು ನೋಡಬೇಡಿ, ತಿರುವನ್ನು ನೋಡಿ. ವೈರಸ್ ಬೇನೆಗೆ ಒಂದು ನಡಿಗೆ ಇದೆ: ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಇಳಿಯುತ್ತಿದ್ದದ್ದು ಆರನೆಯ ಇಲ್ಲವೇ ಎಂಟನೆಯ ದಿನ ಮತ್ತೆ ಏರಿದರೆ, ನೀರು ಹೋಗಿ ದಪ್ಪ ಗೀಜು ಬಂದರೆ, ಎರಡೂ ಕಣ್ಣು ಒಂದೇ ಸಮ ಇದ್ದವು ಒಂದು ಮಾತ್ರ ಕೆಟ್ಟರೆ, ಎರಡನೆಯ ಅತಿಥಿ ಬಂದಿರಬಹುದು.

ಇದಕ್ಕಿಂತ ಗಂಭೀರವಾದ ಗುರುತುಗಳಿವೆ. ತುರಿಕೆ, ಉರಿ ಬೇರೆ; ನೋವು ಬೇರೆ. ಕಣ್ಣೊಳಗೆ ಕುಟ್ಟಿದಂಥ ನೋವು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ಗೀಜು ಒರೆಸಿದ ಮೇಲೂ ಮಸುಕಾಗಿ ಕಾಣುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು. ಗೀಜು ಒರೆಸಿದ ಕೆಲವೇ ನಿಮಿಷದಲ್ಲಿ ಮತ್ತೆ ತುಂಬಿ ಹರಿಯುತ್ತಿದ್ದರೆ ಅದು ಗೊನೊಕಾಕಸ್ ಎಂಬ ಬ್ಯಾಕ್ಟೀರಿಯಾ ಆಗಿರಬಹುದು. ಅದು ಗಟ್ಟಿಯಾಗಿರುವ ಕರಿಗುಡ್ಡೆಯನ್ನೂ ಕೊರೆಯಬಲ್ಲದು, ಬರೀ ಹನಿಗೆ ಬಗ್ಗುವುದಿಲ್ಲ, ಇಂಜೆಕ್ಷನ್ ಬೇಕು. ಮಕ್ಕಳಿಗೆ ರೆಪ್ಪೆ ಕೆಂಪಗೆ ಬಾತು ಜ್ವರ ಬಂದು, ಕಣ್ಣುಗುಡ್ಡೆ ಆಚೀಚೆ ತಿರುಗಿಸಿದರೆ ನೋವಾಗುತ್ತಿದ್ದರೆ ಸೋಂಕು ಕಣ್ಣಿನ ಗೂಡಿಗೆ ಇಳಿದಿರಬಹುದು. ಆಗ ರಾತ್ರಿಯಾದರೂ ಸರಿ, ಹೊರಡಿ.

ಮಗುವಿಗೆ ಕಣ್ಣಿನ ಗೀಜಿನ ಜೊತೆ ಕಿವಿ ನೋವೂ ಇದೆಯೇ ಎಂದು ಕೇಳಿ. ಹಿಮೋಫಿಲಸ್ ಈ ಎರಡನ್ನೂ ಒಟ್ಟಿಗೆ ಹಿಡಿಯುವ ಚಾಳಿಯದು. ಅದಕ್ಕೆ ಹೊಟ್ಟೆಗೆ ಕೊಡುವ ಔಷಧವೇ ಬೇಕಾಗುತ್ತದೆ.

ಮೆಡಿಕಲ್ ಶಾಪಿನವ್ರು ಕೊಟ್ಟ ಹನಿ ಒಂದೇ ದಿನಕ್ಕ ಕೆಂಪು ತಗದ್ವು. ಅದನ್ನ ಹಾಕಿದ್ರ ಏನಾಗ್ತೈತಿ?

ಮೊದಲು ಬಾಟಲಿ ತನ್ನಿ, ಹೆಸರು ಓದೋಣ. “ಡೆಕ್ಸಾ”, “ಬೀಟಾ”, “ಪ್ರೆಡ್” ಎಂದು ಶುರುವಾಗುವ ಮಾತು ಅದರ ಮೇಲಿದ್ದರೆ ಅದು ಬಹುತೇಕ ಸ್ಟೀರಾಯ್ಡ್. ಬಹಳ ಸಲ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ ಹನಿಯೇ ಕೈಗೆ ಬರುತ್ತದೆ.

ಇದು ನನಗೇ ಆದದ್ದು. ಧಾರವಾಡದಲ್ಲಿ ಓದುವಾಗ ನಾಲ್ವರು ಒಂದು ರೂಮಿನಲ್ಲಿದ್ದೆವು. ಒಬ್ಬನಿಗೆ ಕಣ್ಣು ಬಂದವು, ವಾರದೊಳಗೆ ನಾಲ್ವರಿಗೂ. ದುಡ್ಡು ಕೂಡಿಸಿ ಒಂದೇ ಬಾಟಲಿ ತಂದೆವು. ಚೀಟಿ ಇರಲಿಲ್ಲ, ಅಂಗಡಿಯವರೂ ಕೇಳಲಿಲ್ಲ. ಹಾಕಿದ ಮರುದಿನ ಕಣ್ಣು ಹಾಲಿನಂತೆ ಬೆಳ್ಳಗೆ. ಏನು ಮದ್ದಪ್ಪಾ ಎಂದು ಖುಷಿಪಟ್ಟೆವು. ಬಿಟ್ಟ ನಾಲ್ಕು ದಿನಕ್ಕೆ ಮತ್ತೆ ಕೆಂಪು. ಮತ್ತೆ ಹಾಕು, ಮತ್ತೆ ಬಿಡು. ಬಾಟಲಿಯ ಮೂತಿಗೆ ಹಳದಿ ಹಕ್ಕಳೆ ಕಟ್ಟಿತ್ತು, ಅದನ್ನು ಉಗುರಿನಿಂದ ಕೆರೆದು ಮತ್ತೆ ಬಳಸಿದ್ದು ಈಗಲೂ ಕಣ್ಣ ಮುಂದಿದೆ. ಹತ್ತನೇ ದಿನ ನಮ್ಮಲ್ಲೊಬ್ಬನ ಬಲಗಣ್ಣು ಕೀವು ತುಂಬಿ ಮುಚ್ಚಿಕೊಂಡಿತು. ಅವನು ದವಾಖಾನೆಯಲ್ಲಿ ಮಲಗಿ ತಾಸಿಗೊಮ್ಮೆ ಹನಿ ಹಾಕಿಸಿಕೊಂಡ. ನನ್ನ ಕಣ್ಣಲ್ಲಿ ಕೀವೇನೂ ಆಗಲಿಲ್ಲ. ಆದರೆ ರಾತ್ರಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಎದುರಿನ ಲಾರಿಯ ದೀಪ ಒಡೆದು ನೂರು ಚೂರಾದಂತೆ ಕಾಣುತ್ತಿತ್ತು. ಏಳೆಂಟು ತಿಂಗಳು ಹಾಗೇ ಇತ್ತು.

ಯಾಕೆ ಹೀಗೆ? ಕೆಂಪು ಎನ್ನುವುದು ರೋಗವಲ್ಲ, ದೇಹ ರೋಗದ ಜೊತೆ ಗುದ್ದಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಗುದ್ದಾಟವನ್ನು ನಿಲ್ಲಿಸುತ್ತದೆ. ಕಣ್ಣು ಬೆಳ್ಳಗಾಗುತ್ತದೆ, ವೈರಸ್ ಒಳಗೆ ಆರಾಮಾಗಿ ಇನ್ನಷ್ಟು ದಿನ ಉಳಿಯುತ್ತದೆ, ಕಾವಲು ಇಲ್ಲದ ಮನೆಗೆ ಬ್ಯಾಕ್ಟೀರಿಯಾ ನುಗ್ಗುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ, ಎಳೆ ವಯಸ್ಸಿಗೇ ಮೋತಿಬಿಂದು.

ಸ್ಟೀರಾಯ್ಡ್ ಯಾವಾಗಲೂ ವಿಷ ಎಂದಲ್ಲ. ಒಳಗೆ ಪದರ ಕಟ್ಟಿದಾಗ, ಕರಿಗುಡ್ಡೆಯಲ್ಲಿ ಚುಕ್ಕೆ ಕೂತು ದೃಷ್ಟಿ ಮಂಜಾದಾಗ ಡಾಕ್ಟರರೇ ಕೊಡುತ್ತಾರೆ, ಅಳತೆ ಇಟ್ಟು, ಒತ್ತಡ ನೋಡುತ್ತ, ನಿಧಾನಕ್ಕೆ ಇಳಿಸುತ್ತ.

ಒಂದೇ ಕಣ್ಣು ಕೆಂಪಾಗೇತಿ, ವಾರ ಆದ್ರೂ ಇನ್ನೊಂದಕ್ಕ ಬಂದಿಲ್ಲ. ಛಲೋ ಆತಲ್ಲ?

ನನಗೆ ಅದೇ ಚಿಂತೆ. ಒಂದೇ ಕಣ್ಣು, ಅದರಲ್ಲಿ ನೋವು, ಬೆಳಕಿನ ಸಂಕಟ ಎಂದರೆ ಹರ್ಪಿಸ್ ವೈರಸ್ ನೆನಪಾಗುತ್ತದೆ. ನೋಡಲಿಕ್ಕೆ ಸಾದಾ ಕಣ್ಣು ಬೇನೆಯಂತೆಯೇ. ಕಿತ್ತಳೆ ಬಣ್ಣದ ಫ್ಲೋರೆಸಿನ್ ಪಟ್ಟಿಯನ್ನು ಹನಿಯಲ್ಲಿ ನೆನೆಸಿ ಕೆಳರೆಪ್ಪೆಗೆ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು ನೋಡಿದರೆ ಕರಿಗುಡ್ಡೆಯ ಮೇಲೆ ಎಲೆ ಉದುರಿದ ಟೊಂಗೆಯ ಹಾಗೆ ಕವಲೊಡೆದ ಹಸಿರು ಗೆರೆ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ಚೆಂದವೇ ಅನಿಸಿತ್ತು, ಸುಳ್ಳೇಕೆ. ಈ ಕಣ್ಣಿಗೆ ಮೇಲೆ ಹೇಳಿದ ಸ್ಟೀರಾಯ್ಡ್ ಬಿದ್ದರೆ ಟೊಂಗೆಯಂತಿದ್ದ ಗೆರೆ ಹರಡಿ ದೊಡ್ಡ ಹುಣ್ಣಾಗುತ್ತದೆ. ಆ ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ತಡವಾಗುವುದಿಲ್ಲ. ಇದಕ್ಕೆ ಎಸೈಕ್ಲೊವಿರ್‌ನಂಥ ವೈರಸ್ ಮದ್ದು ಇದೆ, ಬೇಗ ಬಂದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಹಣೆಯ ಒಂದು ಪಕ್ಕಕ್ಕೆ, ಮೂಗಿನ ತುದಿಯವರೆಗೆ ನೀರುಗುಳ್ಳೆ ಎದ್ದಿದ್ದರೆ ಅದು ಸರ್ಪಸುತ್ತು. ಮೂಗಿನ ತುದಿಯ ಗುಳ್ಳೆ ಕಣ್ಣಿಗೂ ಇಳಿಯುವ ಮುನ್ಸೂಚನೆ. ಕೆಮ್ಮಣ್ಣು ಬಳಿಸಿಕೊಂಡು ದಿನ ಕಳೆಯಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಲಾಭ ಹೆಚ್ಚು. ಆ ಹಸಿ ಗುಳ್ಳೆಗೆ ಮಣ್ಣು ಸೇರಿದರೆ ಚರ್ಮದ ಮೇಲೂ ಕೀವು.

ನಮ್ಮವ್ವ “ಕಣ್ಣಾಗ ಹೂ ಬೀಳ್ತೈತಿ” ಅಂತ ಹೆದರಸ್ತಾಳ. ಖರೇನೇನು?

ಅವ್ವನ ಮಾತು ತೆಗೆದುಹಾಕಬೇಡಿ. ಕರಿಗುಡ್ಡೆಯ ಗಾಯ ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಗೆ ಹಿರಿಯರು ಹೂ ಎನ್ನುತ್ತಾರೆ. ಆದರೆ ಬಿಳಿ ಎಂದರೆಲ್ಲ ಒಂದೇ ಅಲ್ಲ.

ಅಡಿನೋವೈರಸ್ ಬೇನೆ ಶುರುವಾಗಿ ಸುಮಾರು ಎರಡು ವಾರಕ್ಕೆ, ಕೆಂಪೆಲ್ಲ ಹೋದ ಮೇಲೆ, ಕರಿಗುಡ್ಡೆಯ ಪದರದೊಳಗೆ ರವೆಯಂಥ ಚುಕ್ಕೆಗಳು ಏಳಬಹುದು. ಕನ್ನಡಿಯಲ್ಲಿ ಕಾಣುವುದಿಲ್ಲ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ಕಾಣುತ್ತವೆ. ದೀಪದ ಸುತ್ತ ಬಳೆ, ಓದುವಾಗ ಮಂಜು. ಇದು ಕೀವಲ್ಲ, ಉಳಿದ ವೈರಸ್ಸಿನ ತುಣುಕುಗಳಿಗೆ ದೇಹ ತೋರುವ ಸಿಟ್ಟು. ನನ್ನ ಲಾರಿ ದೀಪದ ಕಥೆ ಇದೇ. ತಿಂಗಳುಗಳು ಹಿಡಿದರೂ ಸಾಮಾನ್ಯವಾಗಿ ಕರಗುತ್ತವೆ.

ಬ್ಯಾಕ್ಟೀರಿಯಾದ ಹುಣ್ಣು ಬರಿಗಣ್ಣಿಗೇ ಕಾಣುವ ಬಿಳಿ. ಜೊತೆಗೆ ತಡೆಯಲಾಗದ ನೋವು. ಕೆಲವರ ಕರಿಗುಡ್ಡೆಯ ಹಿಂದೆ, ಕೆಳಭಾಗದಲ್ಲಿ, ಬಟ್ಟಲಲ್ಲಿ ಮೊಸರು ನಿಂತ ಹಾಗೆ ಕೀವು ಮಟ್ಟವಾಗಿ ನಿಂತಿರುತ್ತದೆ. ಇಂಥವರನ್ನು ನಾವು ಒಂದು ತಾಸೂ ಕೂರಿಸಿಕೊಳ್ಳುವುದಿಲ್ಲ, ಹುಣ್ಣು ಕೆರೆದು ಪರೀಕ್ಷೆ ಮಾಡುವ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತೇವೆ. ಇದು ಮಾಯ್ದರೂ ಹೂ ಉಳಿಯುತ್ತದೆ. ನಟ್ಟನಡುವೆ ಬಿದ್ದರೆ ದೃಷ್ಟಿ ಹೋದಂತೆಯೇ, ದಾನದ ಕಣ್ಣಿನಿಂದ ಕರಿಗುಡ್ಡೆ ಕೂರಿಸಬೇಕಾಗಬಹುದು.

ರಾಶಿ ಮಾಡುವಾಗ ಕಣ್ಣಾಗ ಕಸ ಬಿತ್ತು, ಮರುದಿನ ಕೆಂಪಾತು. ಇದೂ ಕಣ್ಣು ಬಂದಂಗೇನು?

ಅಲ್ಲ, ಅಲ್ಲ, ಅಲ್ಲ. ಊರಲ್ಲಿ ಕಣ್ಣು ಬೇನೆ ನಡೆದಿರುವಾಗ ಎಲ್ಲ ಕೆಂಪನ್ನೂ ಅದೇ ಲೆಕ್ಕಕ್ಕೆ ಹಾಕುವುದು ನಮ್ಮ ಕಡೆಯ ದೊಡ್ಡ ತಪ್ಪು. ಹಾವೇರಿ ಕಡೆ ಗೋವಿನಜೋಳದ ಎಲೆಯಂಚು ಗೀರುತ್ತದೆ, ಇತ್ತ ಜೋಳದ ರವದಿ, ಕಡಲೆ ಹೊಟ್ಟು ಸಿಡಿಯುತ್ತದೆ. ಗಿಡದ ಗೀರಿನಿಂದ ಕರಿಗುಡ್ಡೆಗೆ ಬ್ಯಾಕ್ಟೀರಿಯಾ ಮಾತ್ರವಲ್ಲ, ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಬೂಷ್ಟೂ ಇಳಿಯುತ್ತದೆ. ದಕ್ಷಿಣ ಭಾರತದ ರೈತರಲ್ಲಿ ಬೂಷ್ಟಿನ ಹುಣ್ಣು ಅಪರೂಪವೇನಲ್ಲ. ಆಂಟಿಬಯಾಟಿಕ್ ಅದಕ್ಕೆ ತಾಗುವುದಿಲ್ಲ, ನಾಟಾಮೈಸಿನ್ ಎಂಬ ಬೇರೆ ಹನಿ ಬೇಕು, ವಾರಗಟ್ಟಲೆ ಹಾಕಬೇಕು. ಸ್ಟೀರಾಯ್ಡ್ ಬಿದ್ದರೆ ಬೂಷ್ಟು ಹಬ್ಬ ಮಾಡುತ್ತದೆ.

ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಅಜ್ಜಿಯರು ಇನ್ನೂ ಕೆಲವು ಹಳ್ಳಿಗಳಲ್ಲಿದ್ದಾರೆ. ಪ್ರೀತಿಯಿಂದ ಮಾಡುತ್ತಾರೆ, ಕೈಚಳಕವೂ ಇದೆ. ಆದರೆ ಗೀರಿದ ಕಣ್ಣಿಗೆ ಬಾಯಿಯೊಳಗಿನ ಬ್ಯಾಕ್ಟೀರಿಯಾ ಬಡಿಸಿದ ಹಾಗಾಗುತ್ತದೆ. ಶುದ್ಧ ನೀರು ಸುರಿದು ತೊಳೆಯಿರಿ, ಹೋಗದಿದ್ದರೆ ಆಸ್ಪತ್ರೆಗೆ ಬನ್ನಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕಣ್ಣಿನ ಕೆಂಪು ಇನ್ನೊಂದು ಬಗೆ. ಅದು ಖಾರದ್ದು, ಸೋಂಕಲ್ಲ. ಆದರೆ ಅದೇ ಕೈಯಿಂದ ಉಜ್ಜಿ ಉಜ್ಜಿ ಮೇಲ್ಪದರ ಕಿತ್ತರೆ ಅಲ್ಲಿಗೂ ಸೋಂಕು ಬರಬಹುದು.

ಕೂಸಿಗೆ ಗೊಬ್ಬರ ಆಗ್ಯಾವು, ಕಣ್ಣೂ ಕೆಂಪು. ದೇವರದ್ದು ಅಂತ ಔಷಧ ಹಾಕೂದು ಬ್ಯಾಡ ಅಂತಾರ.

ಗೊಬ್ಬರ, ಅಂದರೆ ದಡಾರ, ವೈರಸ್ಸೇ. ಕಣ್ಣು ಕೆಂಪಾಗುವುದು ಅದರ ಲಕ್ಷಣಗಳಲ್ಲೊಂದು. ವೈರಸ್ಸಿನ ಮೇಲೆ ಬ್ಯಾಕ್ಟೀರಿಯಾ ಬಂದರೆ ಎಷ್ಟು ಕೆಡುಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ. ದಡಾರ ಮೈಯಲ್ಲಿದ್ದ ವಿಟಮಿನ್ ಎ ಯನ್ನು ಬರಿದು ಮಾಡುತ್ತದೆ, ಕರಿಗುಡ್ಡೆ ಒಣಗುತ್ತದೆ, ಒಣಗಿದಲ್ಲಿ ಬ್ಯಾಕ್ಟೀರಿಯಾ ಇಳಿದು ಹುಣ್ಣಾಗಿ ಗುಡ್ಡೆಯೇ ಕರಗಬಹುದು. ಹಿಂದಿನ ತಲೆಮಾರಿನ ಎಷ್ಟೋ ಮಂದಿಯ ಕಣ್ಣಲ್ಲಿ ಹೂ ಬಿದ್ದದ್ದು ಹೀಗೆ.

ದಡಾರ ಬಂದ ಮಗುವಿಗೆ ವಿಟಮಿನ್ ಎ ಎರಡು ದಿನ ಬೆನ್ನುಬೆನ್ನಿಗೆ ಕೊಡಬೇಕು: ವರ್ಷ ತುಂಬಿದವರಿಗೆ ಸಲಕ್ಕೆ 2 ಲಕ್ಷ ಯೂನಿಟ್, 6ರಿಂದ 11 ತಿಂಗಳಿನವರಿಗೆ 1 ಲಕ್ಷ. ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಉಡಿ ತುಂಬುವುದಿದ್ದರೆ ತುಂಬಿ, ಬೇವಿನ ಎಲೆ ಕಟ್ಟುವುದಿದ್ದರೆ ಕಟ್ಟಿ, ಅದಕ್ಕೆ ನನ್ನ ತಕರಾರಿಲ್ಲ. ವಿಟಮಿನ್ ಮಾತ್ರ ತಪ್ಪಿಸಬೇಡಿ. ದಡಾರದ ಲಸಿಕೆ ಮಗುವಿಗೆ 9 ತಿಂಗಳು ತುಂಬಿದಾಗ ಒಂದು ಸಲ, 16ರಿಂದ 24 ತಿಂಗಳೊಳಗೆ ಇನ್ನೊಂದು ಸಲ.

ಹಸಗೂಸಿನ ಕಣ್ಣಾಗ ಗೀಜು ಬರ್ತೈತಿ. ಎದಿಹಾಲು ಹಿಂಡಿದ್ರ ನಡೀತೈತೇನು?

ಹುಟ್ಟಿದ 28 ದಿನದೊಳಗೆ ಕಣ್ಣು ಕೆಂಪಾಗಿ, ಬಾತು, ಗೀಜು ಬಂದರೆ ಮನೆಮದ್ದಿನ ಮಾತೇ ಬೇಡ. ಹೆರಿಗೆಯ ಹಾದಿಯಲ್ಲಿ ಅಂಟಿದ ಗೊನೊಕಾಕಸ್, ಕ್ಲಮೈಡಿಯಾ, ಹರ್ಪಿಸ್ ಯಾವುದೂ ಇರಬಹುದು. ಅದೇ ದಿನ ತೋರಿಸಿ.

ನಂದಿಬಟ್ಟಲ ಹೂವಿನ ರಸ, ಹರಳೆಣ್ಣಿ, ಜೇನುತುಪ್ಪ?

ನಮ್ಮಜ್ಜಿಯೂ ನಂದಿಬಟ್ಟಲ ಹೂವನ್ನು ರಾತ್ರಿ ಕಣ್ಣ ಮೇಲೆ ಇಡುತ್ತಿದ್ದಳು, ಆ ತಂಪು ನನಗೆ ಇನ್ನೂ ನೆನಪಿದೆ. ಮುಚ್ಚಿದ ರೆಪ್ಪೆಯ ಮೇಲೆ ತೊಳೆದ ಹೂ ಇಟ್ಟರೆ ನನ್ನ ಅಭ್ಯಂತರವಿಲ್ಲ. ರಸ ಹಿಂಡಿ ಕಣ್ಣೊಳಗೆ ಬಿಡಬೇಡಿ. ಹೂವು, ಬೆರಳು, ಹಿಂಡಿದ ಬಟ್ಟೆ, ಮೂರರಲ್ಲೂ ಸೂಕ್ಷ್ಮಜೀವಿ ಇರುತ್ತವೆ, ಮೇಲ್ಪದರ ಕಿತ್ತ ಕಣ್ಣಿಗೆ ಅವು ದಾರಿ ಹುಡುಕಬೇಕಾಗಿಲ್ಲ. ಜೇನು, ಎಣ್ಣೆಗೂ ಇದೇ ಮಾತು. ತಂಪು ಬೇಕಾದರೆ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಬಟ್ಟೆ ಇಡಿ, ಎರಡು ಕಣ್ಣಿಗೆ ಎರಡು ಬಟ್ಟೆ. ಡಾಕ್ಟರರು ಬರೆಯುವ ಕೃತಕ ಕಣ್ಣೀರಿನ ಹನಿಯೂ ಉರಿ ಇಳಿಸುತ್ತದೆ.

ಹನಿ ಹಾಕೂದು ಸರಿಯಾಗಿ ಹೆಂಗ?

ಸೋಪು ಹಚ್ಚಿ ಕೈ ತೊಳೆಯಿರಿ. ಗೀಜನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ, ಆ ಹತ್ತಿ ಎಸೆಯಿರಿ. ಗೀಜಿನ ಮೇಲೆಯೇ ಹನಿ ಹಾಕಿದರೆ ಮದ್ದು ಒಳಗೆ ಇಳಿಯುವುದಿಲ್ಲ. ಕೆಳರೆಪ್ಪೆ ಎಳೆದರೆ ಸಣ್ಣ ಜೇಬಿನಂತೆ ತೆರೆಯುತ್ತದೆ, ಅಲ್ಲಿ ಒಂದೇ ಹನಿ. ಎರಡನೆಯದು ಹೇಗೂ ಕೆನ್ನೆಗೇ ಹರಿಯುತ್ತದೆ. ಬಾಟಲಿಯ ಮೂತಿ ರೆಪ್ಪೆಗಾಗಲಿ, ಬೆರಳಿಗಾಗಲಿ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ಇನ್ನೊಂದು ಬಗೆಯ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಒಂದು ಬಾಟಲಿ ಒಬ್ಬರಿಗೆ.

ಪರೀಕ್ಷೆ ಮಾಡ್ಸಬೇಕೇನು?

ಸಾದಾ ಬೇನೆಗೆ ಬೇಡ. ಹುಣ್ಣಾದಾಗ, ಹಸುಗೂಸಿಗೆ, ಹನಿ ಹಾಕಿಯೂ ಇಳಿಯದಾಗ ಗೀಜು ಇಲ್ಲವೇ ಹುಣ್ಣಿನ ಕೆರೆತ ತೆಗೆದು ಗಾಜಿನ ಮೇಲೆ ಬಣ್ಣ ಹಚ್ಚಿ ನೋಡುತ್ತಾರೆ, ಅದು ಅಂದೇ ತಿಳಿಯುತ್ತದೆ. ಕಲ್ಚರ್, ಅಂದರೆ ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ ಎರಡು ಮೂರು ದಿನ ಬೇಕು. ಈಗಾಗಲೇ ಹನಿ ಹಾಕಿದ್ದರೆ ಏನೂ ಬೆಳೆಯದಿರಬಹುದು, ಅದಕ್ಕೇ ಹಳೆಯ ಬಾಟಲಿ ತೋರಿಸಿ, ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ.

ಕಣ್ಣು ಬಂದವ್ರನ್ನ ನೋಡಿದ್ರ ನಮಗೂ ಬರ್ತಾವಂತ?

ನೋಡಿದರೆ ಬರುವುದಿಲ್ಲ, ಮುಟ್ಟಿದರೆ ಬರುತ್ತವೆ. ಕರಿ ಚಷ್ಮಾ ಹಾಕುವುದು ಬೆಳಕಿನ ಸಂಕಟಕ್ಕೆ, ಕೈ ಕಣ್ಣಿಗೆ ಹೋಗದಿರಲಿಕ್ಕೆ.

ಶಾಲೆ, ಹಾಸ್ಟೆಲ್, ಬಸ್ಸು: ಎಷ್ಟು ದಿನ ದೂರ ಇರಬೇಕು?

ನೀರು, ಗೀಜು ನಿಲ್ಲುವತನಕ. ಅಡಿನೋವೈರಸ್ಸಿನಲ್ಲಿ ಎರಡು ವಾರದವರೆಗೂ ಅಂಟುವ ಶಕ್ತಿ ಇರುತ್ತದೆ. ಅದು ಪ್ಲಾಸ್ಟಿಕ್, ಲೋಹದ ಮೇಲೆ ದಿನಗಟ್ಟಲೆ, ವಾರಗಟ್ಟಲೆ ಬದುಕಬಲ್ಲದು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತು ಕಂಬಿ ಹಿಡಿದ ಕೈಯನ್ನು ಕಣ್ಣಿಗೆ ಒಯ್ಯುವ ಮುಂಚೆ ಇದು ನೆನಪಿರಲಿ. ಕೊರೊನಾ ಕಾಲದ ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ವಾಸಿ. ಧಾರವಾಡದ ರೂಮುಗಳಲ್ಲಿ ಓದುತ್ತಿರುವ ಮಕ್ಕಳಿಗೆ: ಟವೆಲ್, ದಿಂಬು, ಸೋಪು, ಕಾಡಿಗೆ ಬೇರೆ ಬೇರೆ ಇಟ್ಟುಕೊಳ್ಳಿ.

ಕಾಂಟ್ಯಾಕ್ಟ್ ಲೆನ್ಸ್?

ಅದೇ ಕ್ಷಣ ತೆಗೆಯಿರಿ. ಆ ಲೆನ್ಸು, ಡಬ್ಬಿ, ದ್ರಾವಣ ಮೂರನ್ನೂ ಎಸೆಯಿರಿ. ಲೆನ್ಸಿನ ಜೊತೆ ಬರುವ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕರಿಗುಡ್ಡೆಯನ್ನು ಕರಗಿಸಬಲ್ಲದು. ಲೆನ್ಸಿನವರು ಕೆಂಪು, ನೋವು ಎಂದು ಬಂದರೆ ನಾವು ಸರದಿ ತಪ್ಪಿಸಿ ಒಳಗೆ ಕರೆಯುತ್ತೇವೆ.

ಎಲ್ಲಿಗೆ ಹೋಗೋದು?

ಸಾದಾ ಕೆಂಪಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ತಾಲ್ಲೂಕು ಆಸ್ಪತ್ರೆ ಸಾಕು. ನೋವು, ಮಂಜು, ಬಿಳಿ ಚುಕ್ಕೆ ಇದ್ದರೆ ಕಣ್ಣಿನ ಡಾಕ್ಟರ್ ಇರುವಲ್ಲಿಗೇ ನೇರ ಹೋಗಿ: ಗದಗಿನವರಿಗೆ ಸರ್ಕಾರಿ ಮೆಡಿಕಲ್ ಕಾಲೇಜಿನ ಜಿಮ್ಸ್ ಆಸ್ಪತ್ರೆ, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯವರಿಗೆ ವಿದ್ಯಾನಗರದ ಕೆಎಂಸಿಆರ್‌ಐ (ಮೊದಲು ಕಿಮ್ಸ್ ಅಂತಿದ್ದದ್ದು), ಧಾರವಾಡದವರಿಗೆ ಸಿವಿಲ್ ಆಸ್ಪತ್ರೆ. ಹೋಗುವಾಗ ಹಾಕಿದ ಹನಿಗಳನ್ನೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ.

ಹೋದ ವರ್ಷದ ಹನಿ ಅರ್ಧ ಬಾಟಲಿ ಉಳದೈತಿ, ಫ್ರಿಜ್‌ನ್ಯಾಗ ಇಟ್ಟೇವಿ. ಈಗ ಹಾಕಬಹುದೇನು?

ಬೇಡ. ಮುಚ್ಚಳ ಒಡೆದ ದಿನದಿಂದ ಒಂದು ತಿಂಗಳು ಅದರ ಆಯುಷ್ಯ, ಮೇಲೆ ಬರೆದ ಎಕ್ಸ್‌ಪೈರಿ ತೆರೆಯದ ಬಾಟಲಿಗೆ. ಫ್ರಿಜ್ಜಿನಲ್ಲಿ ಇಟ್ಟರೂ ಮೂತಿಗೆ ಅಂಟಿದ್ದು ಅಂಟಿಯೇ ಇರುತ್ತದೆ. ಇನ್ನು ಮುಂದೆ ಬಾಟಲಿ ಒಡೆದ ದಿನವೇ ಅದರ ಚೀಟಿಯ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿ.